"ದೂರ ಹೊಂಟ್ರೇನು?" ಎಂದರೆ ಉತ್ತರ ಕೊಟ್ಟು ಹೋಗಿ

ಬೆಳಗಿನ ಐದು ಗಂಟೆಗೆ ಹುಬ್ಬಳ್ಳಿಯಿಂದ ನವಲಗುಂದದ ಕಡೆ ಹೊರಡುವ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಒಮ್ಮೆ ನೋಡಿ. ಕುಸುಗಲ್ ದಾಟಿದ ಮೇಲೆ ಬಸ್ಸಿನ ದೀಪದ ಬೆಳಕಿಗೆ ಒಂದೊಂದೇ ಬೆನ್ನು ಕಾಣಿಸುತ್ತದೆ. ಓಡುವ ಬೆನ್ನು. ಕಪ್ಪು ಬನಿಯನ್, ಕಪ್ಪು ಚಡ್ಡಿ, ಎರಡೂ ಕಿವಿಯಲ್ಲಿ ಹಾಡು. ಡ್ರೈವರ್ ಬೈದುಕೊಂಡು ಸ್ಟೇರಿಂಗ್ ತಿರುವುತ್ತಾನೆ. ಬೆನ್ನು ಹಿಂದೆ ಸರಿಯುತ್ತದೆ. ಆ ಹುಡುಗನಿಗೆ ತಾನು ಎಷ್ಟು ಗೇಣಿನ ಅಂತರದಲ್ಲಿ ಉಳಿದುಕೊಂಡೆ ಎಂಬುದು ಗೊತ್ತೇ ಆಗುವುದಿಲ್ಲ.

ಅಣ್ಣಿಗೇರಿಯ ಗದಗ ರಸ್ತೆ, ಕುಂದಗೋಳದ ಲಕ್ಷ್ಮೇಶ್ವರ ರಸ್ತೆ, ಕಲಘಟಗಿಯ ಯಲ್ಲಾಪುರ ರಸ್ತೆ, ಎಲ್ಲ ಕಡೆಯೂ ಇದೇ ನೋಟ.

ಯಾರು ಇವರು? ನಮ್ಮ ಮಕ್ಕಳು. ಪೊಲೀಸ್ ಆಗಬೇಕು, ಮಿಲಿಟರಿ ಸೇರಬೇಕು, ಮನೆಯ ಸಾಲ ತೀರಿಸಬೇಕು ಎಂದು ಹೊರಟವರು. ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೆ ಹುಡುಗರು 1600 ಮೀಟರ್ ದೂರವನ್ನು ಆರೂವರೆ ನಿಮಿಷದಲ್ಲಿ ಓಡಬೇಕು, ಹುಡುಗಿಯರು 400 ಮೀಟರನ್ನು ಎರಡು ನಿಮಿಷದಲ್ಲಿ. ಕೇಂದ್ರದ ಸಶಸ್ತ್ರ ಪಡೆಗಳಿಗೆ ಹುಡುಗರು 5 ಕಿಲೋಮೀಟರನ್ನು 24 ನಿಮಿಷದಲ್ಲಿ ಮುಗಿಸಬೇಕು. ಆ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಡಿ ಎಂದು ಕನ್ನಡಿಗರು ಎಷ್ಟು ವರ್ಷ ಗಂಟಲು ಹರಿದುಕೊಂಡರು ಎಂಬುದು ನಿಮಗೆ ಗೊತ್ತು. ಕೊನೆಗೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಇಲಾಖೆ ಒಪ್ಪಿತು. 2024ರಲ್ಲಿ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಆ ಪರೀಕ್ಷೆ ನಡೆಯಿತು.

ಸಂತೋಷ. ಬರೆಯುವ ಪರೀಕ್ಷೆ ಕನ್ನಡಕ್ಕೆ ಬಂತು. ಆದರೆ ಓಡುವ ಪರೀಕ್ಷೆಗೆ ತಯಾರಾಗುವ ನಮ್ಮ ಹುಡುಗನಿಗೆ ಜಾಗ ಎಲ್ಲಿದೆ? ಅವನು ಹೆದ್ದಾರಿಯ ಅಂಚಿನಲ್ಲಿ ಓಡುತ್ತಿದ್ದಾನೆ. ಇವತ್ತು ನಾನು ಮಾತಾಡಬೇಕಾಗಿರುವುದು ಅವನ ಬಗ್ಗೆ. ಹಾಗೆಯೇ ಹೊಲಕ್ಕೆ ಒಬ್ಬಳೇ ಹೋಗುವ ತಾಯಿಯ ಬಗ್ಗೆ, ಎಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತು ಒಬ್ಬನೇ ನಡೆಯುವ ಅಪ್ಪನ ಬಗ್ಗೆ, ಸಕ್ಕರೆ ರೋಗಕ್ಕೆ ಡಾಕ್ಟರು ಹೇಳಿದರೆಂದು ಮುಂಜಾನೆ ತಿರುಗಾಡಲು ಹೊರಡುವ ನಿವೃತ್ತ ಮಾಸ್ತರರ ಬಗ್ಗೆ. ಅಂದರೆ ನಿಮ್ಮ ಬಗ್ಗೆ.

ಎರಿ ಭೂಮಿಯ ಕಷ್ಟ

"ರಸ್ತೆ ಮೇಲೆ ಯಾಕ ಓಡತಾವು ಇವು? ಹೊಲದಾಗ ಓಡಲಿ" ಎನ್ನುವವರು ಎರಿ ಹೊಲದಲ್ಲಿ ಒಮ್ಮೆ ಓಡಿ ತೋರಿಸಬೇಕು. ಮಳೆಗಾಲದಲ್ಲಿ ಒಂದೊಂದು ಹೆಜ್ಜೆಗೂ ಸೇರುಗಟ್ಟಲೆ ಮಣ್ಣು ಕಾಲಿಗೆ ಹತ್ತುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು ಬಾಯಿ ತೆರೆದು ನಿಲ್ಲುತ್ತದೆ. ಪಾದ ಸಿಕ್ಕರೆ ಕೀಲು ಹೋಯಿತು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಗಟ್ಟಿ ನೆಲ, ಸಪಾಟು ನೆಲ ಎಂದರೆ ಡಾಂಬರು ರಸ್ತೆಯೊಂದೇ. ಹುಡುಗರು ಶೋಕಿಗೆ ಅಲ್ಲಿಗೆ ಹೋಗಿಲ್ಲ. ಬೇರೆ ಗತಿಯಿಲ್ಲದೆ ಹೋಗಿದ್ದಾರೆ.

ಗತಿ ಇಲ್ಲ ಎಂದ ಮೇಲೆ ಅಲ್ಲಿ ಉಳಿದು ಬರುವ ದಾರಿಯನ್ನಾದರೂ ಕಲಿಯಬೇಕು. ಲೆಕ್ಕ ಹಾಕಿ. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿನಲ್ಲಿ 22 ಮೀಟರ್ ಮುಂದೆ ಬರುತ್ತದೆ. ಡ್ರೈವರ್ ನಿಮ್ಮನ್ನು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೂ 33 ಮೀಟರ್ ಹೋಯಿತು. ಬ್ರೇಕು ಹಿಡಿದು ಗಾಡಿ ನಿಲ್ಲುವುದು ಅದರಾಚೆಯ ಮಾತು. ಕಪ್ಪು ಬಟ್ಟೆ ಹಾಕಿದವನು ಕತ್ತಲಲ್ಲಿ ಡ್ರೈವರನಿಗೆ ಕಾಣುವುದೇ ತೀರ ಹತ್ತಿರ ಬಂದ ಮೇಲೆ.

ಆದ್ದರಿಂದ ಮೊದಲ ಮಾತು: ರಸ್ತೆಯ ಬಲಗಡೆ ಓಡಿ, ಬಲಗಡೆ ನಡೆಯಿರಿ. ನಮ್ಮಲ್ಲಿ ವಾಹನ ಎಡಕ್ಕೆ ಹೋಗುತ್ತದೆ; ನೀವು ಬಲಕ್ಕಿದ್ದರೆ ನಿಮ್ಮ ಬದಿಯ ವಾಹನ ಎದುರಿನಿಂದ ಬರುತ್ತದೆ, ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕೆ ಹಾರಲು ಸಮಯ ಸಿಗುತ್ತದೆ. ಬೆನ್ನ ಹಿಂದಿನಿಂದ ಬರುವ ಸಾವಿಗೆ ಮುಖ ಇರುವುದಿಲ್ಲ. ಎರಡನೆಯದು: ಬಿಳಿ ಅಂಗಿ ಹಾಕಿ. ಹಳೆಯದಾದರೂ ಸರಿ, ಅಪ್ಪನದಾದರೂ ಸರಿ. ಕೈಯಲ್ಲಿ ಬ್ಯಾಟರಿ ಇರಲಿ. ಮೂರನೆಯದು: ಕಿವಿ ಮುಚ್ಚಬೇಡಿ. ಹಾಡು ಬೇಕೇ ಬೇಕೆಂದರೆ ಮನೆಗೆ ಬಂದು ಕೇಳಿ. ನಾಲ್ಕನೆಯದು: ಕಬ್ಬಿನ ಟ್ರ್ಯಾಕ್ಟರ್ ಕಾಲದಲ್ಲಿ ಎರಡೆರಡು ಟ್ರೇಲರ್ ಎಳೆಯುವ ಗಾಡಿ ಬಂದರೆ ಓಟ ನಿಲ್ಲಿಸಿ, ರಸ್ತೆ ಬಿಟ್ಟು ಕೆಳಗಿಳಿದು ನಿಲ್ಲಿ. ಮುಂದಿನ ಟ್ರೇಲರ್ ತಪ್ಪಿಸಿಕೊಂಡವನಿಗೆ ಹಿಂದಿನದು ಬಡಿಯುತ್ತದೆ.

ಇಷ್ಟಾದರೂ ಅಪಘಾತ ಆಯಿತೆನ್ನಿ. ಬಿದ್ದವನ ಸುತ್ತ ನಿಂತು ನೋಡುವ ಜನಕ್ಕೆ ಒಂದು ಮಾತು. ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೊಲೀಸರು ಪೀಡಿಸುವಂತಿಲ್ಲ, ಆಸ್ಪತ್ರೆಯವರು ದುಡ್ಡು ಕಟ್ಟು ಎಂದು ಹಿಡಿದು ಕೂರಿಸುವಂತಿಲ್ಲ, ಹೆಸರು ಹೇಳೆಂದು ಬಲವಂತ ಮಾಡುವಂತಿಲ್ಲ. ಸುಪ್ರೀಂ ಕೋರ್ಟು 2016ರ ಮಾರ್ಚ್‌ನಲ್ಲೇ ಈ ನಿಯಮಗಳಿಗೆ ಕಾನೂನಿನ ಬಲ ಕೊಟ್ಟಿದೆ. ಇದಕ್ಕೆಂದೇ ನಮ್ಮ ರಾಜ್ಯದ ಕಾಯ್ದೆಯೂ ಇದೆ. "ಕೇಸಿನ್ಯಾಗ ಸಿಕ್ಕಿಕೊಂಡೇನು" ಎಂಬ ಹೆದರಿಕೆಗೆ ಈಗ ಅರ್ಥವಿಲ್ಲ.

ಬನ್ನಿಗಿಡದ ಒಡ್ಡು

ಈಗ ನನ್ನದೇ ಕಥೆ ಹೇಳುತ್ತೇನೆ. ನಗಬೇಡಿ.

ಕೆಲವು ವರ್ಷಗಳ ಹಿಂದೆ, ಯುಗಾದಿ ಇನ್ನೂ ಎರಡು ವಾರ ಇತ್ತು. ಸಂಜೆ ಬಿಸಿಲು ಇಳಿದ ಮೇಲೆ ಊರ ಹೊರಗೆ ಹೊಲದ ದಾರಿ ಹಿಡಿದು ನಡೆಯುವುದು ನನ್ನ ರೂಢಿ. ಅಂದು ಓಣಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು "ದೂರ ಹೊಂಟ್ರೇನು?" ಎಂದರು. ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು, ಅಪಶಕುನ ಎಂದು ನಮ್ಮ ಕಡೆ "ದೂರ ಹೊಂಟ್ರೇನು?" ಎನ್ನುತ್ತಾರಲ್ಲ, ಹಾಗೆ. ನಾನು ಎಲ್ಲರಂತೆ "ಇಲ್ಲೇ, ಸುಮ್ನ" ಎಂದು ನಕ್ಕು ಮುಂದೆ ಹೋದೆ.

ಎರಡು ಮೈಲಿ ನಡೆದಿರಬೇಕು. ಕಡಲೆ ಕಿತ್ತ ಹೊಲ. ಬಿರುಕಿನಲ್ಲಿ ಕಾಲು ಹೋಯಿತು, ಮೈ ಒಂದು ಕಡೆ ವಾಲಿತು, ಕೀಲಿನಲ್ಲಿ 'ಟಕ್' ಎಂದಿತು. ಏಳಲು ಹೋದರೆ ಕಣ್ಣು ಕತ್ತಲೆ. ಸುತ್ತ ನೋಡಿದರೆ ಒಂದು ನರಪಿಳ್ಳೆ ಇಲ್ಲ. ಕಿಸೆಯಲ್ಲಿ ಫೋನಿತ್ತು, ಪುಣ್ಯ. ಮನೆಯಲ್ಲಿ ಯಾರೂ ಎತ್ತಲಿಲ್ಲ. ಸಹಾಯದ ನಂಬರಿಗೆ ಮಾಡಿದೆ. ಆ ಕಡೆ ಒಬ್ಬ ಹೆಣ್ಣುಮಗಳು. ಒಳ್ಳೆಯ ಕನ್ನಡ, ತಾಳ್ಮೆಯ ದನಿ. "ಎಲ್ಲಿದ್ದೀರಿ ಸರ್?" ಎಂದಳು.

ನಾನು "ಬನ್ನಿಗಿಡದ ಒಡ್ಡು" ಎಂದೆ.

"ಅದು ಯಾವ ಊರು ಸರ್?"

ಊರು ಹೇಳಿದೆ. "ಊರಿನಲ್ಲಿ ಎಲ್ಲಿ? ಯಾವ ರಸ್ತೆ? ಹತ್ತಿರ ಏನಿದೆ?" ನನಗೆ ತಿಳಿಯಲಿಲ್ಲ. ಹತ್ತಿರ ಏನಿದೆ? ಹೊಲ ಇದೆ. ದೂರದಲ್ಲಿ ಮತ್ತೊಂದು ಹೊಲ ಇದೆ. ಆ ಮಗಳ ತಪ್ಪೇನೂ ಇರಲಿಲ್ಲ. ನನ್ನೂರನ್ನು ಅವಳು ಕಂಡಿಲ್ಲ. ಮೂಡಣಕ್ಕೆ ಹೋದೆನೋ ಪಡುವಣಕ್ಕೆ ಹೋದೆನೋ ಹೇಳಲು ನನಗೇ ಗಾಬರಿಯಲ್ಲಿ ಬಾಯಿ ಬರಲಿಲ್ಲ. ಇಬ್ಬರೂ ಕನ್ನಡದಲ್ಲೇ ಮಾತಾಡಿದೆವು. ಆದರೂ ಒಬ್ಬರಿಗೊಬ್ಬರು ಅರ್ಥವಾಗಲಿಲ್ಲ.

ಕೊನೆಗೆ ಕತ್ತಲಾದ ಮೇಲೆ ಮನೆಯಿಂದ ಫೋನು ಬಂತು. ಅವರಿಗೂ ನಾನು ಹೇಳಿದ್ದು ಅದೇ, ಬನ್ನಿಗಿಡದ ಒಡ್ಡು. ನನ್ನ ಮಗನಿಗೆ ಅದು ಎಲ್ಲಿ ಎಂದು ಗೊತ್ತಿರಲಿಲ್ಲ! ಹುಟ್ಟಿದ್ದು ಅದೇ ಊರಿನಲ್ಲಿ. ಕಟ್ಟೆಯ ಮೇಲಿದ್ದ ಅದೇ ಹಿರಿಯರನ್ನು ಕೇಳಿದಾಗ, ಅವರು ಒಂದು ಕ್ಷಣವೂ ಯೋಚಿಸದೆ ದಾರಿ ಹೇಳಿದರಂತೆ. ಕುರಿ ಕಾಯುವ ಹುಡುಗನೊಬ್ಬನನ್ನು ಮುಂದೆ ಮಾಡಿಕೊಂಡು ಬ್ಯಾಟರಿ ಹಿಡಿದು ಬಂದರು. ಬರುವಷ್ಟರಲ್ಲಿ ರಾತ್ರಿ ಒಂಬತ್ತು.

ನನ್ನದು ಬರೀ ಕೀಲು. ಅದೇ ಹಾವು ಕಡಿದಿದ್ದರೆ? ಎದೆ ಹಿಡಿದಿದ್ದರೆ? ಆ ಮೂರು ತಾಸಿನಲ್ಲಿ ಎಲ್ಲ ಮುಗಿಯುತ್ತಿತ್ತು.

ಹೋಗುವ ಮುಂಚೆ ಮೂರು ಮಾತು

ಆ ರಾತ್ರಿಯಿಂದ ನಾನು ಕಲಿತದ್ದು ಇಷ್ಟೇ. ಒಬ್ಬನೇ ಹೋದವನನ್ನು ಉಳಿಸುವುದು ಅವನ ತೋಳ್ಬಲವಲ್ಲ. ಅವನು ಎಲ್ಲಿದ್ದಾನೆ ಎಂದು ಮತ್ತೊಬ್ಬರಿಗೆ ಗೊತ್ತಿರುವುದು.

"ದೂರ ಹೊಂಟ್ರೇನು?" ಎಂಬುದನ್ನು ನಾವು ಬರೀ ಉಪಚಾರದ ಮಾತು ಎಂದುಕೊಂಡಿದ್ದೇವೆ. ಅಲ್ಲ. ನಮ್ಮ ಹಿರಿಯರು ಊರ ಬಾಗಿಲಲ್ಲಿ ಇಟ್ಟ ಹಾಜರಿ ಪುಸ್ತಕ ಅದು. ಅದಕ್ಕೆ "ಇಲ್ಲೇ, ಸುಮ್ನ" ಎನ್ನಬೇಡಿ. ಮೂರು ಮಾತು ಹೇಳಿ ಹೋಗಿ: ಯಾವ ದಾರಿ, ಎಲ್ಲಿಯತನಕ, ಎಷ್ಟು ಹೊತ್ತಿಗೆ ವಾಪಸು. "ಅಣ್ಣಿಗೇರಿ ರಸ್ತೆ ಹಿಡಿದು ನಲವಡಿತನಕ, ಏಳಕ್ಕ ಮನಿ ಮುಟ್ಟತೇನಿ." ಇಷ್ಟು ಸಾಕು. ಏಳೂವರೆಗೂ ಬಾರದಿದ್ದರೆ ಫೋನು ಮಾಡಿ, ಎತ್ತದಿದ್ದರೆ ಹುಡುಕಲು ಹೊರಡಿ ಎಂದು ಮನೆಯವರಿಗೂ ಹೇಳಿರಬೇಕು. ಮಧ್ಯದಲ್ಲಿ ದಾರಿ ಬದಲಿಸಿದರೆ ಒಂದು ಕರೆ ಮಾಡಿ ತಿಳಿಸಿ.

ಇನ್ನು ಫೋನಿನ ವಿಚಾರ. 108 ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ ಆರಂಭವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಪೊಲೀಸ್, ಬೆಂಕಿ, ಆಸ್ಪತ್ರೆ ಎಲ್ಲಕ್ಕೂ ಒಂದೇ ನಂಬರು 112. ಹೆಣ್ಣುಮಕ್ಕಳಿಗೆ 181 ಇದೆ. ಈ ನಂಬರುಗಳಿಗೆ ಕನ್ನಡದಲ್ಲೇ ಮಾತಾಡಿ. ಇದು ಕರ್ನಾಟಕ, ಅದು ನಿಮ್ಮ ಹಕ್ಕು. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸಮಯ ಕಳೆಯಬೇಡಿ. ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಮೊದಲು ತಾಲ್ಲೂಕು ಹೇಳಿ, ಆಮೇಲೆ ಊರು, ಆಮೇಲೆ ಯಾವ ಊರಿಗೂ ಯಾವ ಊರಿಗೂ ನಡುವೆ ಇದ್ದೀರಿ ಎಂಬುದು, ಕೊನೆಗೆ ಹತ್ತಿರದ ಗುರುತು: ಗುಡಿ, ಸೇತುವೆ, ಕರೆಂಟಿನ ಕಂಬ. ಹೆದ್ದಾರಿಯಲ್ಲಿದ್ದರೆ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ಓಡುತ್ತಾ ಹೋಗುವಾಗ ಒಂದೊಂದು ಕಲ್ಲನ್ನೂ ಓದಿಕೊಂಡು ಹೋಗುವ ರೂಢಿ ಮಾಡಿಕೊಳ್ಳಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ 112ಕ್ಕೆ ಪ್ರಯತ್ನಿಸಿ ನೋಡಿ. ಬೇರೆ ಕಂಪನಿಯ ಸಿಗ್ನಲ್ ಇದ್ದರೆ ಅದರ ಮೂಲಕ ಹೋಗುತ್ತದೆ.

ಫೋನನ್ನೇ ನಂಬಬೇಡಿ. ಬಿದ್ದಾಗ ಅದೂ ಒಡೆಯುತ್ತದೆ, ಲಾಕ್ ಆಗಿರುತ್ತದೆ. ಕಿಸೆಯಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಹೆಸರು, ಊರು, ಓಣಿ, ಮನೆಯವರ ಫೋನ್ ನಂಬರು, ರಕ್ತದ ಗುಂಪು, ರೋಗವಿದ್ದರೆ ಅದರ ಹೆಸರು. ಬೆವರಿಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಮತ್ತು ಅದನ್ನು ಕನ್ನಡದಲ್ಲಿ ಬರೆಯಿರಿ. ಯಾಕೆ ಎಂದು ಕೇಳುತ್ತೀರಾ? ಎರಿ ಹೊಲದ ನಡುವೆ ಎಚ್ಚರ ತಪ್ಪಿ ಬಿದ್ದ ನಿಮ್ಮನ್ನು ಮೊದಲು ನೋಡುವವರು ಯಾರು? ಕುರಿ ಕಾಯುವವನು, ಚಕ್ಕಡಿ ಹೊಡೆಯುವವನು, ಕಳೆ ಕೀಳಲು ಬಂದ ತಾಯಿ. ಅವರು ಓದಬಲ್ಲ ಅಕ್ಷರದಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ನೀವು ಅನಾಥರು. ಇಂಗ್ಲಿಷಿನ ಗುರುತು ಚೀಟಿ ಕತ್ತಿನಲ್ಲಿ ನೇತಾಡಿದರೂ ಅನಾಥರೇ.

ಹಳ್ಳ, ಸಿಡಿಲು, ಹಾವು, ಕಾಡು

ಬೆಣ್ಣಿಹಳ್ಳದ ಹೆಸರು ಮೆತ್ತಗಿದೆ, ಸ್ವಭಾವ ಹಾಗಿಲ್ಲ. ಶಿಗ್ಗಾಂವಿ ಕಡೆಯಿಂದ ಬಂದು ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಹೊಲಗಳನ್ನು ಹಾಯ್ದು ಮಲಪ್ರಭೆ ಸೇರುವ ಹಳ್ಳ ಇದು. ತುಪ್ಪರಿಹಳ್ಳ ಇದಕ್ಕೆ ಬಂದು ಕೂಡುತ್ತದೆ. ಬೇಸಿಗೆಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ. 2019ರ ಆಗಸ್ಟ್‌ನಲ್ಲಿ ಇದೇ ಹಳ್ಳಗಳು ಊರೊಳಗೆ ನುಗ್ಗಿದ್ದನ್ನು ನೀವು ಮರೆತಿಲ್ಲ. ಇದರ ಮೋಸ ಎಲ್ಲಿದೆ ಎಂದರೆ, ನವಲಗುಂದದಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಮೇಲೆ ಸುರಿದ ಮಳೆಯ ನೀರು ಇಲ್ಲಿಗೆ ಬಂದು ಮುಟ್ಟುತ್ತದೆ. ಹೋಗುವಾಗ ಪಾದ ಮುಳುಗುವಷ್ಟಿದ್ದದ್ದು ಬರುವಾಗ ಸೊಂಟಕ್ಕಿರುತ್ತದೆ. ಕೆಂಪಾಗಿ ರಭಸದಿಂದ ಓಡುವ ನೀರು ಮೊಣಕಾಲು ಮುಟ್ಟಿದರೆ ಸಾಕು, ಗಟ್ಟಿ ಆಳನ್ನೂ ಕೆಡವುತ್ತದೆ. ಕೆಳಗೆ ರಾಡಿ, ಕಾಲು ಊರುವುದಿಲ್ಲ. "ದಿನಾ ದಾಟೂ ಹಳ್ಳ" ಎನ್ನಬೇಡಿ. ಒಂದು ರಾತ್ರಿ ಈಚೆ ದಂಡೆಯ ಊರಿನಲ್ಲಿ ಉಳಿದರೆ ನಷ್ಟವಿಲ್ಲ.

ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಇನ್ನೊಂದು ಗಂಡಾಂತರ. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟುತ್ತದೆ. ಗಿಡವಿಲ್ಲದ ಎರಿ ಬಯಲಿನಲ್ಲಿ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರ. ಗಿಡ ಸಿಕ್ಕಿತೆಂದು ಅದರ ಬುಡಕ್ಕೆ ಓಡಿದರೆ ಅದು ಇನ್ನೂ ಕೆಟ್ಟದ್ದು. ಮಿಂಚು ಕಂಡೊಡನೆ ಎಣಿಸಿ. ಗುಡುಗು ಕೇಳುವತನಕ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲೇ ಇದೆ. ಪಕ್ಕಾ ಕಟ್ಟಡಕ್ಕೆ ಅಥವಾ ಮುಚ್ಚಿದ ವಾಹನಕ್ಕೆ ಸೇರಿಕೊಳ್ಳಿ. ಏನೂ ಸಿಗದಿದ್ದರೆ ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂಡಿ, ತಲೆ ಬಗ್ಗಿಸಿ. ನೆಲದ ಮೇಲೆ ಮಲಗಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆದ ಮೇಲೆಯೇ ಹೊರಡಿ.

ಹಾವು ಕಡಿದರೆ ಓಡಬೇಡಿ, ಕುಯ್ಯಬೇಡಿ, ಹಗ್ಗದಿಂದ ಬಿಗಿಯಬೇಡಿ, ಬಾಯಿಂದ ಹೀರಬೇಡಿ. ಕಡಿದ ಕೈಕಾಲನ್ನು ಅಲ್ಲಾಡದಂತೆ ಕಟ್ಟಿಗೆಯ ಆಸರೆಗೆ ಕಟ್ಟಿ, ಉಂಗುರ ಕಡಗ ತೆಗೆದು, ಸೀದಾ ಆಸ್ಪತ್ರೆ. ನಾಗರ, ಕೊಳಕು ಮಂಡಲ ಕಡಿದರೆ ಪರಿಹಾರ ಒಂದೇ: ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ. 2024ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಗುಡಿಯ ಅಂಗಾರ ಆಮೇಲೆ ಹಚ್ಚಿಕೊಳ್ಳಿ, ದೇವರು ಸಿಟ್ಟಾಗುವುದಿಲ್ಲ. ನಾಯಿ ಬೆನ್ನು ಹತ್ತಿದರೆ ಓಟ ನಿಲ್ಲಿಸಿ ನಿಲ್ಲಿ, ಕಣ್ಣಿಗೆ ಕಣ್ಣು ಕೊಡದೆ ಮೆಲ್ಲಗೆ ಹಿಂದೆ ಸರಿಯಿರಿ. ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ, ಅದೇ ದಿನ ಚುಚ್ಚುಮದ್ದು.

ಕಲಘಟಗಿಯವರಿಗೆ ಬೇರೆ ಮಾತು. ಯಲ್ಲಾಪುರದ ಕಡೆ ಹೊರಳಿದರೆ ಎರಿ ಮುಗಿದು ಕಾಡು ಶುರುವಾಗುತ್ತದೆ. ಹಳಿಯಾಳ, ಮುಂಡಗೋಡದ ಕಡೆಯಿಂದ ಆನೆ ಭತ್ತದ ಗದ್ದೆಗೆ ಬರುವುದು ಅಲ್ಲಿಯವರಿಗೆ ಗೊತ್ತಿರುವುದೇ. ಅಲ್ಲಿ ಸೂರ್ಯ ಹುಟ್ಟುವ ಮುಂಚೆ, ಮುಳುಗಿದ ಮೇಲೆ ಒಬ್ಬರೇ ಓಡುವುದು ಬೇಡ. ಹಸಿ ಲದ್ದಿ ಕಂಡರೆ ಫೋಟೋ ಹೊಡೆಯುತ್ತ ನಿಲ್ಲಬೇಡಿ, ಬಂದ ದಾರಿಯಲ್ಲೇ ತಿರುಗಿ. ಅರಣ್ಯ ಇಲಾಖೆಯ ಕಾವಲುಗಾರನನ್ನು ಮೊದಲೇ ಕೇಳಿ ಹೊರಡಿ.

"ಹುಡುಗಿ ಒಬ್ಬಾಕಿ ಯಾಕ ಹೋಗಬೇಕು?"

ಇಷ್ಟನ್ನು ಓದಿದ ಕೆಲವು ತಂದೆಯರು ಪೇಪರು ಮಡಚಿ "ಅದಕ್ಕ ನಮ್ಮ ಹುಡುಗೀನ ಹೊರಗ ಕಳಸೂದಿಲ್ಲ" ಎಂದಿರುತ್ತಾರೆ. ಅವರಿಗೆ ಕೈ ಮುಗಿದು ಹೇಳುತ್ತೇನೆ, ನೀವು ತಪ್ಪು ತಿಳಿದಿದ್ದೀರಿ.

ಅದೇ ಹುಡುಗಿ ಬೆಳಗಿನ ಕತ್ತಲಲ್ಲಿ ನೀರಿಗೆ ಹೋದಾಗ, ಸಂಜೆ ಮೇವಿನ ಹೊರೆ ಹೊತ್ತು ಒಬ್ಬಳೇ ಬಂದಾಗ ನೀವು ಹೆದರಲಿಲ್ಲ. ಅವಳು ತನ್ನ ನೌಕರಿಗಾಗಿ 400 ಮೀಟರ್ ಓಡುತ್ತೇನೆ ಎಂದಾಗ ಮಾತ್ರ ನಿಮಗೆ ಲೋಕದ ಅಪಾಯವೆಲ್ಲ ನೆನಪಾಗುತ್ತದೆ. ಇದು ಯಾವ ನ್ಯಾಯ? ಸುರಕ್ಷತೆ ಎಂದರೆ ಮನೆಯಲ್ಲಿ ಕೂಡಿ ಹಾಕುವುದಲ್ಲ. ಹೊರಗೆ ಹೋದವರು ಸುರಕ್ಷಿತವಾಗಿ ಬರುವಂತೆ ನೋಡಿಕೊಳ್ಳುವುದು. ಊರಿನಲ್ಲಿ ಓಡುವ ಹುಡುಗಿಯರು ನಾಲ್ಕು ಜನ ಇದ್ದರೆ ನಾಲ್ವರನ್ನೂ ಸೇರಿಸಿ. ಶಾಲೆಯ ಬಯಲನ್ನು ಬೆಳಗ್ಗೆ ಐದಕ್ಕೆ ತೆಗೆಸಿ, ಒಂದು ದೀಪ ಹಾಕಿಸಿ. ಒಬ್ಬ ತಾಯಿ ಕಟ್ಟೆಯ ಮೇಲೆ ಚಾ ಕುಡಿಯುತ್ತ ಕೂತಿರಲಿ. ದಾರಿಯಲ್ಲಿ ಬೈಕ್ ನಿಲ್ಲಿಸಿ ಕಿಸಿಯುವ ಪುಂಡನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಮನೆಯಲ್ಲಿ ಇರಬೇಕಾದವನು ಅವನು, ಹುಡುಗಿಯಲ್ಲ. 112ಕ್ಕೆ ಫೋನು ಮಾಡುವುದು ಮರ್ಯಾದೆ ಹೋಗುವ ಕೆಲಸವೂ ಅಲ್ಲ.

ನಮ್ಮ ಪಾಲಿನ ಕೆಲಸ

ಕೊನೆಯದಾಗಿ ನಮಗೇ, ಅಂದರೆ ಕನ್ನಡದ ಬಾವುಟ ಹಿಡಿದವರಿಗೇ, ಎರಡು ಮಾತು.

ನಾಮಫಲಕಕ್ಕಾಗಿ ನಾವು ಬೀದಿಗಿಳಿದಿದ್ದೇವೆ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಲಾಠಿ, ಜೈಲು ಎಲ್ಲ ಆಯಿತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಕಡ್ಡಾಯವಾಯಿತು. ಆಗಬೇಕಾದದ್ದೇ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಹುಬ್ಬಳ್ಳಿಯ ಬಟ್ಟೆ ಅಂಗಡಿಯ ಬೋರ್ಡಿಗೆ ಮಸಿ ಬಳಿಯಲು ಹೋದ ನಮ್ಮಲ್ಲಿ ಎಷ್ಟು ಜನ ಬೆಣ್ಣಿಹಳ್ಳದ ದಂಡೆಗೆ ಒಂದು ಕನ್ನಡದ ಎಚ್ಚರಿಕೆ ಫಲಕ ಹಾಕಿಸಿದ್ದೇವೆ? ಬಟ್ಟೆ ಅಂಗಡಿಯ ಬೋರ್ಡು ಓದಲು ಬಾರದಿದ್ದರೆ ಹೋಗುವುದು ವ್ಯಾಪಾರ. ಹಳ್ಳದ ಬೋರ್ಡು ಇಲ್ಲದಿದ್ದರೆ ಹೋಗುವುದು ಜೀವ.

ಬನ್ನಿಗಿಡದ ಒಡ್ಡು ಎಲ್ಲಿ ಎಂದು ನನ್ನ ಮಗನಿಗೆ ಗೊತ್ತಿರಲಿಲ್ಲ ಎಂದೆನಲ್ಲ. ತಪ್ಪು ಅವನದಲ್ಲ, ನನ್ನದು. ನಾನು ಹೇಳಿಕೊಟ್ಟಿರಲಿಲ್ಲ. ನಮ್ಮ ಒಂದೊಂದು ಊರಿನ ಸುತ್ತ ಇಂಥ ಎಷ್ಟೋ ಹೆಸರುಗಳಿವೆ. ಮಡ್ಡಿ, ಒಡ್ಡು, ಹಳ್ಳದ ತಿರುವು, ಬಾವಿ, ಬನ್ನಿಗಿಡ, ಬೇವಿನಗಿಡ. ಅವು ಯಾವ ಫೋನಿನ ನಕ್ಷೆಯಲ್ಲೂ ಇಲ್ಲ. ಊರಿನ ಹೆಸರುಗಳೇ ಅಲ್ಲಿ ಇಂಗ್ಲಿಷ್ ಕಾಗುಣಿತಕ್ಕೆ ಸಿಕ್ಕು ಸೊಟ್ಟಗಾಗಿವೆ. ಹುಬ್ಬಳ್ಳಿಯಂಥ ಹುಬ್ಬಳ್ಳಿಯ ಇಂಗ್ಲಿಷ್ ಬರವಣಿಗೆ ಸರಿಯಾದದ್ದೇ 2014ರ ನವೆಂಬರ್ 1ಕ್ಕೆ! ಕಟ್ಟೆಯ ಮೇಲಿನ ಆ ಹಿರಿಯರು ಇವತ್ತು ಇಲ್ಲ. ಅವರ ಜೊತೆ ಎಷ್ಟು ಹೆಸರು ಹೋದವೋ. ಕನ್ನಡ ಉಳಿಸಿ ಎಂದು ನಾವು ಕೂಗುವಾಗ ಉಳಿಸಬೇಕಾದ ಕನ್ನಡ ಇದೂ ಹೌದು. ಇದು ಜೀವ ಉಳಿಸುವ ಕನ್ನಡ.

ಆದ್ದರಿಂದ ಬರುವ ಗ್ರಾಮಸಭೆಯಲ್ಲಿ ಪ್ರತಿ ಶಾಖೆಯ ಕಾರ್ಯಕರ್ತರು ಈ ನಾಲ್ಕು ಬೇಡಿಕೆ ಇಡಬೇಕು.

ಒಂದು: ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಗಟ್ಟಿ ಮಣ್ಣಿನ ಓಟದ ದಾರಿ. 400 ಮೀಟರಿನದಾದರೆ ನಾಲ್ಕು ಸುತ್ತಿಗೆ 1600 ಮೀಟರ್. ಅಷ್ಟು ಜಾಗವಿಲ್ಲದಿದ್ದರೆ 200 ಮೀಟರಿನದೇ ಇರಲಿ, ಎಂಟು ಸುತ್ತು ಓಡುತ್ತಾರೆ. ಗೊರಚು ಹಾಕಿ, ಮಳೆ ನೀರು ನಿಲ್ಲದಂತೆ ಮಾಡಿ, ನಾಲ್ಕು ದೀಪ ನೆಡಿ. ಇದಕ್ಕೆ ಕೋಟಿ ರೂಪಾಯಿ ಬೇಡ.

ಎರಡು: ಹಳ್ಳ ದಾಟುವ ಪ್ರತಿ ಜಾಗದಲ್ಲಿ ದಪ್ಪ ಕನ್ನಡ ಅಕ್ಷರದ ಫಲಕ, ಪಕ್ಕದಲ್ಲಿ ನೀರಿನ ಆಳ ತೋರಿಸುವ ಬಣ್ಣದ ಕಂಬ. ಕೆಂಪು ಗೆರೆ ಮುಟ್ಟಿದರೆ ದಾಟಬೇಡಿ ಎಂದು ಅದರಲ್ಲಿರಲಿ.

ಮೂರು: ಊರಿನ ಹೊಲ, ಹಳ್ಳ, ಒಡ್ಡು, ದಾರಿಗಳ ಹೆಸರಿನ ಪಟ್ಟಿ. ಹಿರಿಯರನ್ನು ಕೂರಿಸಿಕೊಂಡು ಬರೆಯಿರಿ. ಯಾವ ರಸ್ತೆಯಿಂದ ಎಷ್ಟು ದೂರ ಎಂಬುದನ್ನೂ ಸೇರಿಸಿ. ಒಂದು ಪ್ರತಿ ಪಂಚಾಯ್ತಿಗೆ, ಒಂದು ಪೊಲೀಸ್ ಠಾಣೆಗೆ, ಒಂದು ಹತ್ತಿರದ ಆಂಬುಲೆನ್ಸ್ ನಿಲ್ಲುವ ಜಾಗಕ್ಕೆ, ಒಂದು ಶಾಲೆಗೆ.

ನಾಲ್ಕು: ಹೆದ್ದಾರಿಯಲ್ಲಿ ಊರು ಬರುವ ಕಡೆಯೆಲ್ಲ "ನಿಧಾನ, ಇಲ್ಲಿ ಮಕ್ಕಳು ಓಡುತ್ತಾರೆ" ಎಂಬ ಕನ್ನಡ ಫಲಕ. ನವಲಗುಂದದಿಂದ ಕಲಘಟಗಿಯವರೆಗೆ ನಮ್ಮ ಹೊಲಗಳ ನಡುವೆ ಹೋಗುವ ಹೆದ್ದಾರಿಗೆ ನಮ್ಮ ಭಾಷೆಯಲ್ಲಿ ನಮಗೊಂದು ಎಚ್ಚರಿಕೆ ಹೇಳುವ ಜವಾಬ್ದಾರಿಯಿದೆ.

ಸರ್ಕಾರ ಮಾಡುವತನಕ ಕಾಯಬೇಡಿ. ಮೂರನೆಯ ಕೆಲಸಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ನು, ನಿಮ್ಮೂರಿನ ಕಟ್ಟೆ. ಈ ಭಾನುವಾರವೇ ಶುರು ಮಾಡಿ.

ನಾಳೆ ಬೆಳಗ್ಗೆ ನೀವು ಬೂಟು ಕಟ್ಟಿಕೊಂಡು ಹೊರಟಾಗ ಓಣಿಯಲ್ಲಿ ಯಾರಾದರೂ "ದೂರ ಹೊಂಟ್ರೇನು?" ಎಂದರೆ, ಅವಸರ ಮಾಡದೆ ಒಂದು ಗಳಿಗೆ ನಿಲ್ಲಿ. ದಾರಿ ಹೇಳಿ, ದೂರ ಹೇಳಿ, ಹೊತ್ತು ಹೇಳಿ. ಆಮೇಲೆ ಓಡಿ. ಬಲಗಡೆ ಓಡಿ.